ಪದರ ಬಿಟ್ಟರೆ ಸದ್ದು ಬೇರೆ



ಶಾಲೆ, ಪಠ್ಯಪುಸ್ತಕ, ದಾಖಲಾತಿ ಅಂತ ನಾವು ಯಾವಾಗಲೂ ಅದನ್ನೇ ಬರೆಯುತ್ತಿರುತ್ತೇವೆ. ಈ ಸಲ ಒಂದೇ ಒಂದು ಪದದ ಬಗ್ಗೆ ಬರೆಯೋಣ ಅನ್ನಿಸಿದೆ. ವ್ಯಾಕರಣದ ಪದ ಅಲ್ಲ, ಕಾರ್ಖಾನೆಯ ಪದ. ಡಿಲಾಮಿನೇಷನ್!

ಹೆಸರು ಕೇಳಿ ಹೆದರಬೇಡಿ. ಸಂಗತಿ ನಮ್ಮೆಲ್ಲರ ಮನೆಯದೇ. ಮಳೆಗಾಲ ಮುಗಿದ ಮೇಲೆ ಹಳೆಯ ಪ್ಲೈವುಡ್ ಬಾಗಿಲಿನ ಕೆಳ ಅಂಚನ್ನು ಒಮ್ಮೆ ಬಗ್ಗಿ ನೋಡಿ. ನೀರು ಕುಡಿದು, ಊದಿಕೊಂಡು, ನೆನೆದ ಪುಸ್ತಕದ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿರುತ್ತದೆ. ಮರ ಮುರಿದಿಲ್ಲ. ಯಾವ ಪದರವೂ ತುಂಡಾಗಿಲ್ಲ. ಪದರಕ್ಕೂ ಪದರಕ್ಕೂ ಇದ್ದ ನಂಟು ಬಿಟ್ಟಿದೆ, ಅಷ್ಟೇ. ಆದರೆ ಬಾಗಿಲು ಬಾಗಿಲಾಗಿ ಉಳಿದಿಲ್ಲ.

ಈ ಪದ ನಮ್ಮ ತಲೆ ಹೊಕ್ಕಿದ್ದು ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಐಟಿಐ ಮುಗಿಸಿ, ಈ ಕಡೆಯ ಒಂದು ಕಾರ್ಖಾನೆಗೆ ಸೇರಿದ ಹುಡುಗ. ಗಾಜಿನ ನಾರಿನ ಬಟ್ಟೆಗೆ ರೆಸಿನ್ ಬಳಿದು, ಪದರದ ಮೇಲೆ ಪದರ ಕೂರಿಸಿ, ದೊಡ್ಡ ದೊಡ್ಡ ಭಾಗಗಳನ್ನು ಮಾಡುವ ಕೆಲಸ. ಒಂದು ಭಾನುವಾರ ಮನೆಗೆ ಬಂದಿದ್ದ. ಕೆಲಸ ಹೇಗಿದೆಯಪ್ಪಾ ಅಂದರೆ ಹೀಗೆ ಹೇಳಿದ:

"ಸಾರ್, ದಿನಕ್ಕೆ ಹತ್ತು ಸಲ ಡಿಲಾಮಿನೇಷನ್ ಆಗಬಾರದು, ಆಗಬಾರದು ಅಂತಾರೆ. ಗ್ಲೌಸ್ ಹಾಕು, ಬರಿಗೈಯಲ್ಲಿ ಮುಟ್ಟಬೇಡ, ಒರೆಸು ಅಂತಾರೆ. ಯಾಕೆ ಅಂದರೆ ಡಿಲಾಮಿನೇಷನ್ ಆಗುತ್ತೆ ಅಂತಾರೆ. ಡಿಲಾಮಿನೇಷನ್ ಅಂದರೆ ಏನು ಅಂದರೆ ರಿಜೆಕ್ಟ್ ಆಗುತ್ತೆ ಅಂತಾರೆ!"

ಅವನೂ ನಕ್ಕ, ನಾವೂ ನಕ್ಕೆವು. ಆಮೇಲೆ ಕೂತು ಯೋಚಿಸಿದರೆ ನಗು ಬರಲಿಲ್ಲ. ಮೇಲ್ವಿಚಾರಕರು ನೋಡುತ್ತಿರುವಾಗ ಹುಡುಗ ಗ್ಲೌಸ್ ಹಾಕುತ್ತಾನೆ. ಅವರು ಊಟಕ್ಕೆ ಹೋದಾಗ? ಬೇಸಿಗೆಯಲ್ಲಿ ಕೈ ಬೆವರಿದಾಗ? ಕಾರಣ ಗೊತ್ತಿಲ್ಲದ ನಿಯಮ ಎಷ್ಟು ದಿನ ಬಾಳುತ್ತದೆ ಹೇಳಿ. ನಮ್ಮ ಶಾಲೆಗಳಿಂದ ಹೋದ ಎಷ್ಟೋ ಮಕ್ಕಳು ಇಂಥ ಕೆಲಸಗಳಲ್ಲೇ ಇದ್ದಾರೆ. ಅವರ ಕೈಯಿಂದ ಬಂದ ವಸ್ತುವಿನ ಮೇಲೆ ಯಾರೋ ಕೂರುತ್ತಾರೆ, ಯಾರೋ ಹಾರುತ್ತಾರೆ.

ನಾವು ಓದಿದ್ದು ಟಿಸಿಎಚ್, ಆಮೇಲೆ ಬಿಎ. ಎಂಜಿನಿಯರಿಂಗ್‌ಗೂ ನಮಗೂ ದೂರ. ಆದರೆ ಮಕ್ಕಳು ಹೋಗುವ ದಾರಿಯಲ್ಲಿ ಮೇಷ್ಟ್ರೂ ಸ್ವಲ್ಪ ದೂರ ನಡೆಯಬೇಕಲ್ಲ. ಓದಿದೆವು, ಬಲ್ಲವರನ್ನು ಕೇಳಿದೆವು, ಎಂಟನೇ ತರಗತಿಯಲ್ಲಿ ಮಾಡಿಯೂ ನೋಡಿದೆವು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲಿಗೆ ಕಾಂಪೋಸಿಟ್ ಅಂದರೇನು? ಕೆಲವರು ಕನ್ನಡದಲ್ಲಿ ಸಂಯುಕ್ತ ವಸ್ತು ಅಂತ ಬರೆಯುತ್ತಾರೆ. ಆದರೆ ವಿಜ್ಞಾನದ ಪುಸ್ತಕದಲ್ಲಿ ನೀರು, ಉಪ್ಪು ಮುಂತಾದವನ್ನು ಸಂಯುಕ್ತ ಅಂತ ಈಗಾಗಲೇ ಕಲಿಸಿರುತ್ತೇವೆ. ಮಕ್ಕಳಿಗೆ ಗೊಂದಲವಾಗುತ್ತದೆ. ಹಾಗಾಗಿ ಕಾಂಪೋಸಿಟ್ ಅಂತಲೇ ಇಟ್ಟುಕೊಳ್ಳೋಣ. ಹಳ್ಳಿಯಲ್ಲಿ ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರು. ಬರೀ ಮಣ್ಣು ಒಣಗಿದರೆ ಬಿರಿಯುತ್ತದೆ, ಬರೀ ಹುಲ್ಲಿನಿಂದ ಗೋಡೆ ನಿಲ್ಲುವುದಿಲ್ಲ. ಎರಡೂ ಸೇರಿದಾಗ ಮಣ್ಣು ಹುಲ್ಲನ್ನು ಹಿಡಿದುಕೊಳ್ಳುತ್ತದೆ, ಹುಲ್ಲು ಮಣ್ಣು ಬಿರಿಯದಂತೆ ತಡೆಯುತ್ತದೆ. ಇದೇ ಕಾಂಪೋಸಿಟ್. ಕಾರ್ಖಾನೆಯಲ್ಲಿ ಹುಲ್ಲಿನ ಜಾಗಕ್ಕೆ ಗಾಜಿನ ನಾರು ಅಥವಾ ಕಾರ್ಬನ್ ನಾರು, ಮಣ್ಣಿನ ಜಾಗಕ್ಕೆ ಎಪಾಕ್ಸಿಯಂಥ ರೆಸಿನ್. ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಗಟ್ಟಿ ಮಾಡುತ್ತಾರೆ.

ಇದೇನೋ ದೂರದ ಅಮೆರಿಕದ ವಿಷಯ ಅಂದುಕೊಳ್ಳಬೇಡಿ. ಹೊಸೂರಿನಿಂದ ತಳಿ ರಸ್ತೆಯಲ್ಲಿ ಹೋದರೆ ಬೆಳಗೊಂಡಪಲ್ಲಿ ಸಿಗುತ್ತದೆ. ಅಲ್ಲಿ ತನೇಜಾ ಏರೋಸ್ಪೇಸ್‌ನವರ ವಿಮಾನ ಕಾರ್ಖಾನೆ, ರನ್‌ವೇ ಎರಡೂ ಇವೆ. ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿಗಳು ರೂಪಿಸಿದ ಎರಡು ಸೀಟಿನ ಪುಟ್ಟ ತರಬೇತಿ ವಿಮಾನ ಹಂಸ ಮೊದಲು ಹಾರಿದ್ದು 1993ರಲ್ಲಿ. ಅದರ ಮೈಯೆಲ್ಲ ಕಾಂಪೋಸಿಟ್. ಮುಂದೆ ಹಂಸ-3 ವಿಮಾನಗಳನ್ನು ತಯಾರಿಸಿದವರು ಈ ತನೇಜಾದವರೇ. ಅದರ ಹೊಸ ರೂಪ ಹಂಸ ಎನ್‌ಜಿ ಬೆಂಗಳೂರಿನಲ್ಲಿ ಮೊದಲು ಹಾರಿದ್ದು 2021ರ ಸೆಪ್ಟೆಂಬರ್ 3ರಂದು. 2001ರ ಜನವರಿ 4ರಂದು ಬೆಂಗಳೂರಿನಲ್ಲೇ ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45ರಷ್ಟು ಕಾಂಪೋಸಿಟ್ಟೇ. ಇನ್ನು ಹೆದ್ದಾರಿಯಲ್ಲಿ ಉದ್ದನೆಯ ಲಾರಿಯ ಮೇಲೆ ಗಾಳಿಯಂತ್ರದ ರೆಕ್ಕೆ ಹೋಗುವಾಗ ಮಕ್ಕಳು ಬಾಯಿ ಬಿಟ್ಟು ನೋಡುತ್ತವಲ್ಲ, ಅದೂ ಇದೇ ಜಾತಿ.

ಇಷ್ಟು ಗಟ್ಟಿ ವಸ್ತು ಎಲ್ಲಿ ಸೋಲುತ್ತದೆ? ಲೆಕ್ಕ ನೋಡಿ. ಕಾರ್ಬನ್ ನಾರಿನ ಕಾಂಪೋಸಿಟ್ಟಿನಲ್ಲಿ ಒಂದು ಚದರ ಮಿಲಿಮೀಟರ್ ದಪ್ಪದ ಕಡ್ಡಿಯನ್ನು ನಾರಿನ ಉದ್ದಕ್ಕೆ ಎಳೆದರೆ ಸುಮಾರು 150 ಕಿಲೋ ಭಾರ ತಡೆಯುತ್ತದೆ, ಒಳ್ಳೆಯ ನಾರಾದರೆ ಇನ್ನೂ ಹೆಚ್ಚು. ಅಕ್ಕಿ ಮೂಟೆಗಳ ಲೆಕ್ಕದಲ್ಲಿ ಯೋಚಿಸಿ! ಅದನ್ನೇ ನಾರಿಗೆ ಅಡ್ಡವಾಗಿ ಎಳೆದರೆ ಐದು ಕಿಲೋ ಆಸುಪಾಸಿನಲ್ಲೇ ಕೈಕೊಡುತ್ತದೆ. ಮೂವತ್ತು ಪಟ್ಟು ವ್ಯತ್ಯಾಸ. ಅದಕ್ಕೇ ಒಂದು ಪದರದ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ, ಮತ್ತೊಂದರದು ಓರೆಗೆ ಬರುವಂತೆ ಹಾಸುತ್ತಾರೆ. ಪ್ಲೈವುಡ್ ಮಾಡುವವರೂ ಹೀಗೇ ಮರದ ಎಳೆಗಳನ್ನು ಒಂದು ಪದರ ಉದ್ದ, ಒಂದು ಪದರ ಅಡ್ಡ ಇಡುತ್ತಾರೆ. ಹೀಗೆ ಉದ್ದ, ಅಗಲ ಎರಡೂ ದಿಕ್ಕಿಗೆ ಕಾವಲು ಸಿಕ್ಕಿತು.

ಉಳಿದದ್ದು ಮೂರನೆಯ ದಿಕ್ಕು. ಕೆಳಗಿನ ಪದರದಿಂದ ಮೇಲಿನ ಪದರಕ್ಕೆ ಹೋಗುವ ದಾರಿ. ಆ ದಾರಿಯಲ್ಲಿ ಒಂದೇ ಒಂದು ನಾರೂ ಇಲ್ಲ. ಅಲ್ಲಿ ಇರುವುದು ಬರೀ ಅಂಟು. ವಿಮಾನವಾದರೂ ಅಷ್ಟೆ, ಬಚ್ಚಲ ಬಾಗಿಲಾದರೂ ಅಷ್ಟೆ.

ಆ ಅಂಟು ಯಾಕೆ ಬಿಡುತ್ತದೆ ಅನ್ನುವುದನ್ನು ಮಕ್ಕಳಿಗೆ ಹೇಳಲು ನಾವು ಚಿರೋಟಿಯನ್ನು ಕರೆತಂದೆವು. ಮದುವೆ ಮನೆಯ ಚಿರೋಟಿ ಎಲ್ಲರಿಗೂ ಗೊತ್ತು. ಅದು ಪದರ ಪದರವಾಗಿ ಏಳಬೇಕಾದರೆ ಅಡುಗೆಯವರು ಏನು ಮಾಡುತ್ತಾರೆ? ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ, ಅಕ್ಕಿಹಿಟ್ಟು ಕಲಸಿ ಸವರುತ್ತಾರೆ. ಜಿಡ್ಡಿರುವ ಕಡೆ ಹಿಟ್ಟಿಗೆ ಹಿಟ್ಟು ಅಂಟುವುದಿಲ್ಲ. ಕಾದ ಎಣ್ಣೆಗೆ ಬಿಟ್ಟಾಗ ಒಳಗಿನ ನೀರು ಆವಿಯಾಗಿ ಹಾಳೆಗಳನ್ನು ದೂರ ತಳ್ಳುತ್ತದೆ. ಜಿಡ್ಡು ಸವರದಿದ್ದರೆ ಚಿರೋಟಿ ಹೋಗಿ ದಪ್ಪ ಪೂರಿ ಆಗುತ್ತದೆ. ಚಿರೋಟಿಯಲ್ಲಿ ಡಿಲಾಮಿನೇಷನ್ ಆದರೆ ಅಡುಗೆಯವರಿಗೆ ಹೆಸರು, ಕಾರ್ಖಾನೆಯಲ್ಲಿ ಆದರೆ ಕೆಲಸಗಾರನಿಗೆ ಬೈಗುಳ!

ಹುಡುಗನ ಗ್ಲೌಸಿನ ಗುಟ್ಟು ಇಲ್ಲೇ ಇದೆ. ನಮ್ಮ ಬೆರಳಿನಲ್ಲಿ ಬೆವರು, ಜಿಡ್ಡು ಸದಾ ಇರುತ್ತದೆ. ಬರಿಗೈ ಇಟ್ಟ ಜಾಗದಲ್ಲಿ ಚಿರೋಟಿಯ ತುಪ್ಪ ಸವರಿದ ಹಾಗೇ ಆಗುತ್ತದೆ. ಅಚ್ಚಿನಿಂದ ಭಾಗ ಸುಲಭವಾಗಿ ಬಿಟ್ಟುಬರಲಿ ಅಂತ ಅಚ್ಚಿಗೆ ಮೇಣ ಹಚ್ಚುತ್ತಾರೆ. ಆ ಮೇಣ ಅಚ್ಚಿನ ಮೇಲಿದ್ದರೆ ಉಪಕಾರಿ, ಪದರದ ನಡುವೆ ಸೇರಿದರೆ ಶತ್ರು. ಮೊದಲೇ ರೆಸಿನ್ ಕುಡಿಸಿಟ್ಟ ಬಟ್ಟೆಗೆ ಮೇಲೊಂದು ರಕ್ಷಣೆಯ ಹಾಳೆ ಇರುತ್ತದೆ. ಅದರ ಚೂರೊಂದು ಒಳಗೆ ಉಳಿದರೆ ಅಷ್ಟಗಲ ಅಂಟುವುದೇ ಇಲ್ಲ. ಗಾಳಿಯ ಗುಳ್ಳೆ ಉಳಿದರೂ ಹಾಗೆಯೇ. ತೇವ ಸೇರಿದ ಬಟ್ಟೆಯನ್ನು ಬಿಸಿ ಮಾಡಿದರೆ ಎಣ್ಣೆಯಲ್ಲಿ ಚಿರೋಟಿ ಉಬ್ಬಿದಂತೆ ಒಳಗೆ ಉಬ್ಬುತ್ತದೆ. ತೂತು ಕೊರೆಯುವಾಗ ಡ್ರಿಲ್ ಆಚೆ ಬದಿಗೆ ಹೊರಬರುವ ಕೊನೆಯ ಗಳಿಗೆಯಲ್ಲಿ ಕೆಳಗಿನ ಪದರವನ್ನು ತಳ್ಳಿ ಎಬ್ಬಿಸುತ್ತದೆ. ಅದಕ್ಕೇ ಹಿಂದೆ ಒಂದು ಹಲಗೆ ಒತ್ತಿ ಇಟ್ಟು ಕೊರೆಯುತ್ತಾರೆ.

ಎಲ್ಲಕ್ಕಿಂತ ಮೋಸದ್ದು ಪೆಟ್ಟು. ತಗಡಿನ ಮೇಲೆ ಸ್ಪ್ಯಾನರ್ ಬಿದ್ದರೆ ತಗ್ಗು ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ. ಕಾಂಪೋಸಿಟ್ಟಿನ ಮೇಲೆ ಬಿದ್ದರೆ ಮೇಲ್ಮೈ ಒತ್ತಿಸಿಕೊಂಡು ಮತ್ತೆ ಮೇಲೆದ್ದು ನಿಲ್ಲುತ್ತದೆ. ಹೊರಗೆ ಒಂದು ಚುಕ್ಕೆ, ಕೆಲವು ಸಲ ಅದೂ ಇಲ್ಲ. ಒಳಗೆ ಮಾತ್ರ ಕೆಳಕೆಳಗಿನ ಪದರಗಳು ಛತ್ರಿ ಬಿಚ್ಚಿದ ಹಾಗೆ ಅಗಲವಾಗಿ ಬಿಟ್ಟುಕೊಂಡಿರುತ್ತವೆ. ಸ್ಪ್ಯಾನರ್ ಬೀಳಿಸಿದವನು ಸುತ್ತ ನೋಡಿ, ಏನೂ ಆಗಿಲ್ಲ ಅಂತ ಎತ್ತಿಕೊಂಡು ಹೋಗಿಬಿಡಬಹುದು. ಕಾರಣ ಗೊತ್ತಿರುವವನು ಮಾತ್ರ ಹೋಗಿ ಹೇಳುತ್ತಾನೆ.

ಸರಿ, ಪದರ ಬಿಟ್ಟರೆ ಏನಾಯಿತು? ತೂಕ ಅಷ್ಟೇ, ದಪ್ಪ ಅಷ್ಟೇ, ನಾರೂ ಅಷ್ಟೇ ಇದೆಯಲ್ಲ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಗಣಿತದಲ್ಲಿದೆ. ಒಂದು ಹಲಗೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. 12 ಮಿಲಿಮೀಟರ್ ದಪ್ಪದ ಹಲಗೆಗೆ 12ರ ಘನ, ಅಂದರೆ 1728. ನಟ್ಟನಡುವೆ ಪದರ ಬಿಟ್ಟು ಎರಡು ಹೋಳಾದರೆ 6ರ ಘನ 216, ಎರಡು ಸೇರಿ 432. ನಾಲ್ಕರಲ್ಲಿ ಒಂದು ಪಾಲು! ನಾಲ್ಕು ಹೋಳಾದರೆ 27ರಂತೆ ನಾಲ್ಕು, ಬರೀ 108. ಹದಿನಾರರಲ್ಲಿ ಒಂದು ಪಾಲು. ಹನ್ನೆರಡು ತೆಳು ಹಾಳೆಗಳಾದರೆ ಉಳಿಯುವುದು 12 ಮಾತ್ರ. ಒಂದು ಗ್ರಾಂ ತೂಕವೂ ಕಳೆಯದೆ 1728 ಇದ್ದದ್ದು 12ಕ್ಕೆ ಇಳಿಯಿತು. ಘನ ಸಂಖ್ಯೆಗಳಿಂದ ಏನು ಉಪಯೋಗ ಸಾರ್ ಅಂತ ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಇದನ್ನು ಮಾಡಿ ತೋರಿಸಲು ಖರ್ಚಿಲ್ಲ. ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಒಂದೇ ಅಳತೆಗೆ ಕತ್ತರಿಸಿ, ಹನ್ನೆರಡನ್ನು ಮೈದಾ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಮೇಲೆ ಕಲ್ಲು ಹೇರಿ ಎರಡು ದಿನ ಒಣಗಿಸಿದೆವು. ಇನ್ನು ಹನ್ನೆರಡನ್ನು ಅಂಟಿಸದೆ ಸುಮ್ಮನೆ ಜೋಡಿಸಿದೆವು. ಎರಡು ಬೆಂಚುಗಳ ನಡುವೆ ಸೇತುವೆಯ ಹಾಗೆ ಇಟ್ಟು ಮೇಲೆ ಡಸ್ಟರ್ ಇಟ್ಟರೆ ಅಂಟಿಸದ್ದು ಕುಸಿದು ಬಾಗಿತು. ಅಂಟಿಸಿದ್ದರ ಮೇಲೆ ಡಸ್ಟರ್ ಇಟ್ಟೆವು, ಪುಸ್ತಕ ಇಟ್ಟೆವು, ಜಾಮಿಟ್ರಿ ಬಾಕ್ಸ್ ಇಟ್ಟೆವು, ಜಗ್ಗಲಿಲ್ಲ.

ಆಮೇಲೆ ಮೂರನೆಯದು. ಅಂಟಿಸುವಾಗ ಮೇಲಿನ ಪತ್ರಿಕೆಯ ಕೆಳಗೆ, ನಡುಭಾಗದಲ್ಲಿ, ಅಂಗೈಯಗಲ ಮೇಣದಬತ್ತಿ ಉಜ್ಜಿದೆವು. ಒಣಗಿದ ಮೇಲೆ ಹೊರಗಿನಿಂದ ನೋಡಿದರೆ ಯಾವುದು ಒಳ್ಳೆಯದು, ಯಾವುದು ಮೇಣದ್ದು ಗೊತ್ತಾಗುವುದಿಲ್ಲ. ಎರಡು ತುದಿ ಹಿಡಿದು ಎಳೆದರೂ ಎರಡೂ ಒಂದೇ. ಆದರೆ ಎರಡು ತುದಿಯಿಂದ ಒಳಮುಖವಾಗಿ ಒತ್ತಿದರೆ ಮೇಣದ್ದರಲ್ಲಿ ಮೇಲಿನ ಹಾಳೆ ಗುಳ್ಳೆಯಂತೆ ಉಬ್ಬಿ ಏಳುತ್ತದೆ. ಪದರ ಬಿಟ್ಟ ವಸ್ತು ಎಳೆತವನ್ನು ಹೇಗೋ ತಾಳಿಕೊಳ್ಳುತ್ತದೆ, ಒತ್ತಡ ಬಂದಾಗ ಬಣ್ಣ ಬಯಲಾಗುತ್ತದೆ. ಎಂಜಿನಿಯರುಗಳು ಹೆದರುವುದೂ ಇದಕ್ಕೇ.

ಒತ್ತದೆಯೇ ಕಂಡುಹಿಡಿಯಬಹುದಾ ಅಂತ ಕೇಳಿದೆವು. ಹಲಗೆಗಳನ್ನು ಮೂಸಿದರು, ಬೆಳಕಿಗೆ ಹಿಡಿದರು. ಸದಾ ಹಿಂದಿನ ಬೆಂಚಿನಲ್ಲಿ ಕೂರುವ, ಮಾತು ಕಮ್ಮಿಯ ಹುಡುಗಿಯೊಬ್ಬಳು ಒಂದು ರೂಪಾಯಿ ನಾಣ್ಯ ತೆಗೆದುಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೂ ತಟ್ಟುತ್ತಾ ಬಂದಳು. ಟಕ್ ಟಕ್ ಟಕ್... ಡಪ್. "ಇಲ್ಲಿ ಸಾರ್" ಅಂದಳು. ಸರಿಯಾಗಿ ಮೇಣ ಉಜ್ಜಿದ ಜಾಗ. ಹೇಗೆ ಗೊತ್ತಾಯಿತಮ್ಮಾ ಅಂದರೆ "ನಮ್ಮಜ್ಜಿ ಹಲಸಿನಹಣ್ಣನ್ನು ಹೀಗೇ ತಟ್ಟೋದು" ಅಂತ ಉತ್ತರ!

ಅವಳು ಮಾಡಿದ್ದು ವಿಮಾನ ದುರಸ್ತಿ ಶೆಡ್ಡುಗಳಲ್ಲಿ ಇವತ್ತಿಗೂ ನಡೆಯುವ ಪರೀಕ್ಷೆ. ಅದಕ್ಕೆ ನಾಣ್ಯ ತಟ್ಟುವ ಪರೀಕ್ಷೆ ಅಂತಲೇ ಹೆಸರು. ಅಂಟಿರುವ ಕಡೆ ಸದ್ದು ಕರಾರುವಾಕ್ಕಾಗಿ ಬರುತ್ತದೆ, ಬಿಟ್ಟ ಕಡೆ ಮಂಕಾಗಿ, ಟೊಳ್ಳಾಗಿ ಬರುತ್ತದೆ. ಬಿಟ್ಟ ಪದರ ತೆಳ್ಳಗಿದ್ದು ಮೇಲ್ಮೈಗೆ ಹತ್ತಿರವಿದ್ದರೆ ಮಾತ್ರ ಕಿವಿಗೆ ಸಿಗುತ್ತದೆ. ಆಳದಲ್ಲಿ ಬಿಟ್ಟಿದ್ದರೆ ಕಿವಿ ಸಾಲದು, ಅಲ್ಟ್ರಾಸೌಂಡ್ ಬೇಕು. ಹೊಟ್ಟೆಯೊಳಗಿನ ಮಗುವನ್ನು ನೋಡುವ ಅದೇ ಉಪಾಯ. ಒಳಗೆ ಕಳಿಸಿದ ಸದ್ದಿನ ಅಲೆ ಬಿರುಕಿಗೆ ಬಡಿದು ಬೇಗ ಹಿಂದಿರುಗಿದರೆ ಅಲ್ಲಿ ಪದರ ಬಿಟ್ಟಿದೆ ಅಂತ ಅರ್ಥ.

ನಮ್ಮ ಸೀಮೆಯ ಕಲ್ಲುಕುಟಿಗರಿಗೂ ಈ ಕಿವಿ ಇತ್ತು. ಕೃಷ್ಣಗಿರಿಯ ಕೋಟೆ ಬೆಟ್ಟವನ್ನೋ, ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟದ ಸುತ್ತಲ ಬಂಡೆಗಳನ್ನೋ ನೋಡಿದರೆ ಗೊತ್ತಾಗುತ್ತದೆ, ಈ ಕಡೆಯ ಬೋಳು ಬಂಡೆಗಳು ಈರುಳ್ಳಿ ಸಿಪ್ಪೆಯ ಹಾಗೆ ಚಕ್ಕೆ ಚಕ್ಕೆಯಾಗಿ ಏಳುತ್ತವೆ. ಬಂಡೆ ಯಾರೋ ಅಂಟಿಸಿದ ಕಾಂಪೋಸಿಟ್ ಅಲ್ಲ ನಿಜ. ಭೂಮಿಯ ಆಳದಲ್ಲಿ ಅದುಮಿಕೊಂಡಿದ್ದ ಕಲ್ಲು, ಮೇಲಿನ ಭಾರ ಸವೆದು ಹೋದ ಮೇಲೆ ಹಿಗ್ಗಿ, ಮೇಲ್ಮೈಗೆ ಸಮನಾಗಿ ಬಿರುಕು ಬಿಡುತ್ತದೆ. ಬಿಸಿಲು, ಮಳೆ ಉಳಿದ ಕೆಲಸ ಮಾಡುತ್ತವೆ. ದಕ್ಷಿಣ ಭಾರತದ ಕಲ್ಲುಕುಟಿಗರು ಬೇಕೆಂದೇ ಹೀಗೆ ಮಾಡುತ್ತಿದ್ದರು. ಬಂಡೆಯ ಮೇಲೆ ಸೌದೆ ಬೆಂಕಿ ಸಾಲಾಗಿ ಹಾಕುವುದು, ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕೇಳುವುದು, ಪದರ ಬಿಟ್ಟ ಸದ್ದು ಬಂದರೆ ಬೆಂಕಿಯನ್ನು ಮುಂದಕ್ಕೆ ಸರಿಸುವುದು. ಹೀಗೆ ಅಗಲವಾದ ಚಪ್ಪಡಿಯನ್ನೇ ಏಳಿಸುತ್ತಿದ್ದರು. 1895ರಲ್ಲಿ ಎಚ್. ವಾರ್ತ್ ಎಂಬುವರು ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಓದು ಬರಹ ಬಾರದವರು ಅಂತ ಯಾರನ್ನು ಕರೆಯುತ್ತೇವೋ ಅವರ ಕಿವಿಯಲ್ಲಿದ್ದ ವಿದ್ಯೆ ಇದು.

ಆ ಕಿವಿ ಇಲ್ಲದಿದ್ದರೆ ಏನಾಗುತ್ತದೆ? ನಮ್ಮ ಹೊಸೂರಿನವರಿಗೆ ಟೈಟಾನ್ ಅಂದರೆ ವಾಚು. ಆದರೆ 2023ರಲ್ಲಿ ಲೋಕವೆಲ್ಲ ಮಾತಾಡಿದ್ದು ಇನ್ನೊಂದು ಟೈಟಾನ್ ಬಗ್ಗೆ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗನ್ನು ತೋರಿಸಲು ಜನರನ್ನು ಸಮುದ್ರದ ಆಳಕ್ಕೆ ಕರೆದೊಯ್ಯುತ್ತಿದ್ದ ಪುಟ್ಟ ಜಲಾಂತರ ನೌಕೆ ಅದು. ಟೈಟಾನಿಕ್ ಬಿದ್ದಿರುವುದು ಸುಮಾರು 3,800 ಮೀಟರ್ ಆಳದಲ್ಲಿ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಹತ್ತಿರ ಹತ್ತಿರ 380 ಕಿಲೋ ಒತ್ತಡ. ನೌಕೆಯ ಉರುಳೆ ಸುಮಾರು ಐದು ಇಂಚು ದಪ್ಪದ ಕಾರ್ಬನ್ ನಾರಿನದು, ಒಂದೊಂದು ಇಂಚಿನಂತೆ ಐದು ಸುತ್ತಿನಲ್ಲಿ ಮಾಡಿದ್ದು. 2022ರ ಜುಲೈ 15ರಂದು ಮುಳುಗಿ ಮೇಲೆ ಬರುವಾಗ ಒಳಗಿದ್ದವರಿಗೆ ದೊಡ್ಡ ಸದ್ದು ಕೇಳಿಸಿತ್ತು. ಅದು ಚೌಕಟ್ಟು ಹೊಂದಿಕೊಂಡ ಸದ್ದು ಅಂತ ಸಮಾಧಾನ ಮಾಡಿಕೊಂಡರು. ಉರುಳೆಗೆ ಅಂಟಿಸಿದ್ದ ಅಳತೆಯ ಉಪಕರಣಗಳ ಅಂಕಿಗಳು ಆಮೇಲೆ ಬದಲಾಗಿದ್ದವು. ಆದರೂ ಮುಂದಿನ ವರ್ಷ ಮತ್ತೆ ಇಳಿಸಿದರು. 2023ರ ಜೂನ್ 18ರಂದು ನೌಕೆ ಕ್ಷಣಮಾತ್ರದಲ್ಲಿ ಅಪ್ಪಚ್ಚಿಯಾಯಿತು. ಒಳಗಿದ್ದ ಐವರೂ ಹೋದರು. 2025ರಲ್ಲಿ ಬಂದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಹೇಳಿದ್ದು ಏನೆಂದರೆ, ಉರುಳೆಯಲ್ಲಿ ಮೊದಲಿಂದಲೂ ದೋಷಗಳಿದ್ದವು, ಆ ದೊಡ್ಡ ಸದ್ದು ಬಂದ ಯಾತ್ರೆಯ ನಂತರ ಪದರ ಬಿಟ್ಟಿತ್ತು. ವಸ್ತು ತಾನೇ ಕೂಗಿ ಹೇಳಿತ್ತು. ಕೇಳಿಸಿತ್ತು ಕೂಡ. ಯಾರೂ ಕಿವಿಗೊಡಲಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇಡಬೇಕು. 2012ರ ಫೆಬ್ರವರಿಯಲ್ಲಿ ಬೋಯಿಂಗ್ 787 ವಿಮಾನಗಳ ಹಿಂಭಾಗದಲ್ಲಿ ಪದರ ಬಿಡುತ್ತಿರುವ ಗುರುತು ಸಿಕ್ಕಿತು. ಎರಡು ಭಾಗ ಕೂಡುವ ಸಂದಿಯಲ್ಲಿ ತುಂಬುವ ತೆಳು ತುಣುಕುಗಳನ್ನು ಸರಿಯಾಗಿ ಕೂರಿಸಿರಲಿಲ್ಲ. ಯಾರೋ ಪರೀಕ್ಷಿಸಿದರು, ಕಂಡಿತು, ಹೇಳಿದರು, ಸರಿಪಡಿಸಿದರು. ಯಾರ ಪ್ರಾಣವೂ ಹೋಗಲಿಲ್ಲ. ಎರಡು ಕಡೆಯೂ ವಸ್ತು ಒಂದೇ ಜಾತಿ, ದೋಷವೂ ಒಂದೇ ಜಾತಿ.

ಪದರ ಬಿಡದಂತೆ ಮಾಡಲು ಉಪಾಯ ಇಲ್ಲವೇ? ಇದೆ, ಅದೂ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಉತ್ತರ ಕರ್ನಾಟಕದವರು ಕೌದಿ ಅಂತಾರೆ, ಬೊಂತೆ ಅನ್ನುವವರೂ ಇದ್ದಾರೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸೂಜಿ ಓಡಿಸಿ ಹೊಲಿಯುತ್ತಾರಲ್ಲ, ಆ ದಾರ ಹೋಗುವುದು ಯಾವ ದಿಕ್ಕಿಗೆ? ನಾವು ಹೇಳಿದ ಆ ಮೂರನೆಯ ದಿಕ್ಕಿಗೆ! ಕಾಂಪೋಸಿಟ್ಟಿನಲ್ಲೂ ಗಟ್ಟಿಯಾಗುವ ಮೊದಲು ಪದರಗಳನ್ನು ನಾರಿನ ದಾರದಿಂದ ಹೊಲಿಯುವ ಪದ್ಧತಿ ಇದೆ. ಸಣ್ಣ ಕಡ್ಡಿಗಳನ್ನು ಮೊಳೆಯಂತೆ ಚುಚ್ಚುವುದೂ ಇದೆ. ಬಟ್ಟೆಯನ್ನೇ ಮೂರು ದಿಕ್ಕಿಗೆ ನೇಯುವುದೂ ಇದೆ. ಜೊತೆಗೆ ಸುಲಭವಾಗಿ ಬಿರಿಯದ ಜಿಗುಟು ರೆಸಿನ್‌ಗಳು ಬಂದಿವೆ. ಬೇರೆ ಬೇರೆ ಭಾಗಗಳನ್ನು ಮಾಡಿ ಆಮೇಲೆ ಅಂಟಿಸುವ ಬದಲು ಎಲ್ಲವನ್ನೂ ಒಟ್ಟಿಗೇ ಬೇಯಿಸಿ ಒಂದು ಮಾಡುವ ವಿದ್ಯೆಯನ್ನು ಎನ್‌ಎಎಲ್‌ನವರು ತೇಜಸ್‌ಗಾಗಿ ಬೆಳೆಸಿದ್ದಾರೆ.

ಇನ್ನು ಈ ಪದವನ್ನು ಕನ್ನಡದಲ್ಲಿ ಏನೆನ್ನಬೇಕು? ತರಗತಿಯಲ್ಲೇ ಕೇಳಿದೆವು. ನಮ್ಮ ಮಕ್ಕಳದ್ದು ಗೊತ್ತಲ್ಲ, ಮನೆಯಲ್ಲಿ ಕೆಲವರಿಗೆ ಕನ್ನಡ, ಕೆಲವರಿಗೆ ತೆಲುಗು, ಬೀದಿಗೆ ಬಂದರೆ ತಮಿಳು. ತೆಲುಗು ಮನೆಯ ಮಗು ಪೊರ ಅಂದಿತು. ಹಾವು ಬಿಡುವ ನಮ್ಮ ಪೊರೆ ಅದೇ. ತಮಿಳಿನಲ್ಲಿ ಅಡುಕ್ಕು ಅಂತ ಇನ್ನೊಂದು. ಮಡಕೆಯ ಮೇಲೆ ಮಡಕೆ ಇಡುವ ನಮ್ಮ ಅಡಕಲು ಅದರ ನೆಂಟ. ಒಬ್ಬ ಚಕ್ಕೆ ಏಳೋದು ಅಂದ, ಇನ್ನೊಬ್ಬಳು ಹಾಳೆ ಬಿಡೋದು ಅಂದಳು. ಕೊನೆಗೆ ಎಲ್ಲರೂ ಒಪ್ಪಿದ್ದು "ಪದರ ಬಿಡುವುದು" ಅನ್ನೋದನ್ನ. ನೋಟ್‌ಬುಕ್ಕಿನಲ್ಲಿ ಪದರ ಬಿಡುವುದು, ಪಕ್ಕದಲ್ಲಿ ಡಿಲಾಮಿನೇಷನ್, ಎರಡನ್ನೂ ಬರೆಸಿದೆವು. ಎರಡೂ ಬೇಕು. ಒಂದು ಅರ್ಥವಾಗಲು, ಇನ್ನೊಂದು ಕಾರ್ಖಾನೆಯ ಬಾಗಿಲು ದಾಟಲು.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೆ ಕಷ್ಟ ಅಂತ ಪೋಷಕರು ಹೇಳುವಾಗ ನಮಗೆ ನೆನಪಾಗುವುದು ಇದೇ. ಕಷ್ಟ ಇರುವುದು ನಿಜ. ಆದರೆ ಅರ್ಥವಿಲ್ಲದೆ ಮೇಲೆ ಹಚ್ಚಿದ ಇಂಗ್ಲಿಷ್ ಪದವೂ ಮೇಣ ಉಜ್ಜಿದ ಹಾಳೆಯೇ. ಪರೀಕ್ಷೆಯ ದಿನ ಎಳೆದರೆ ನಿಲ್ಲುತ್ತದೆ, ಕೆಲಸದ ಒತ್ತಡ ಬಂದ ದಿನ ಏಳುತ್ತದೆ. ಮಗುವಿಗೆ ಮೊದಲೇ ಗೊತ್ತಿರುವ ಚಿರೋಟಿ, ಹಲಸು, ಬೊಂತೆಯ ಮೇಲೆ ಕೂರಿಸಿದ ಪದ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇದು ನಾವು ತರಗತಿಯಲ್ಲಿ ಕಂಡದ್ದು.

ಕೊನೆಯದಾಗಿ ಸಹೋದ್ಯೋಗಿ ಮಿತ್ರರಿಗೆ ಒಂದು ಮಾತು, ಇದು ಪಾಠಕ್ಕಿಂತ ಮುಖ್ಯ. ಕಾಂಕ್ರೀಟ್ ಚಾವಣಿಯೂ ಹೀಗೇ ಪದರ ಬಿಡುತ್ತದೆ. ಒಳಗಿನ ಕಬ್ಬಿಣಕ್ಕೆ ನೀರು ತಾಗಿ ತುಕ್ಕು ಹಿಡಿದರೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಕೆಳಗಿನ ಕಾಂಕ್ರೀಟನ್ನು ಚಪ್ಪಡಿಯಂತೆ ತಳ್ಳುತ್ತದೆ. ಎಂಜಿನಿಯರುಗಳು ಅದಕ್ಕೂ ಡಿಲಾಮಿನೇಷನ್ ಅಂತಲೇ ಹೇಳುತ್ತಾರೆ. ಬೀಳುವವರೆಗೆ ಕಾಣದೇ ಇರಬಹುದು. ಮಳೆಗಾಲ ಮುಗಿದ ಮೇಲೆ, ಮಕ್ಕಳು ಇಲ್ಲದ ಹೊತ್ತಿನಲ್ಲಿ, ಉದ್ದನೆಯ ಕೋಲು ಹಿಡಿದು, ನೇರ ಕೆಳಗೆ ನಿಲ್ಲದೆ ಬದಿಗೆ ನಿಂತು, ಚಾವಣಿಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿ. ಟಕ್ ಅಂದರೆ ಸರಿ. ಡಪ್ ಅಂದರೆ ಆ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಅದರ ಕೆಳಗಿನ ಬೆಂಚನ್ನು ಅವತ್ತೇ ಸರಿಸಿ, ಮೇಲಿನವರಿಗೆ ಬರೆದು ತಿಳಿಸಿ. ಬರೆದದ್ದರ ಒಂದು ಪ್ರತಿ ಶಾಲೆಯ ಕಡತದಲ್ಲೂ ಇರಲಿ. ಕೋಲು ತಟ್ಟಿದ ತಕ್ಷಣ ಎಲ್ಲವೂ ಗೊತ್ತಾಗುವುದಿಲ್ಲ, ಹಾಗಾಗಿ ಎಂಜಿನಿಯರು ಬಂದು ನೋಡುವವರೆಗೂ ಆ ಬೆಂಚು ಅಲ್ಲಿಗೆ ವಾಪಸ್ಸು ಹೋಗದಿರಲಿ.